ಇಬ್ಬರು ಅಡ್ಜಸ್ಟರ್‌ಗಳ ನಡುವೆ

ಮದುವೆಯಾಗಿ ವಾಡಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಒಂದು ದಿನ ರೊಟ್ಟಿ ಬಡಿಯುತ್ತಲೇ ನನ್ನನ್ನು ಕೇಳಿದರು: "ಅಲ್ಲವಾ, ನನ್ನ ಮಗನೂ ಅಡ್ಜಸ್ಟ್ ಮಾಡ್ತೀನಿ ಅಂತಾನ, ನಿಮ್ಮಣ್ಣನೂ ಅಡ್ಜಸ್ಟರ್ ಅಂತ ಬೋರ್ಡ್ ಹಾಕ್ಯಾನ. ಇಬ್ಬರದೂ ಒಂದ ಕೆಲಸೇನು?"

ನಾನು ನಕ್ಕುಬಿಟ್ಟೆ. ಆದರೆ ಬಿಡಿಸಿ ಹೇಳಲು ಹೋದಾಗ ಅಷ್ಟು ಸುಲಭವಾಗಲಿಲ್ಲ.

ನಮ್ಮನೆಯವರು ಬ್ರೇಕ್ ಮಿಸ್ತ್ರಿ. ಚಿತ್ತಾಪುರಕ್ಕೆ ಹೋಗುವ ರಸ್ತೆಯ ಬದಿಗೆ ತಗಡಿನ ಮಾಡು ಹಾಕಿದ ಗ್ಯಾರೇಜು. ಶಹಾಬಾದಿನ ಗಣಿಗಳಿಂದ ನೆಲಕ್ಕೆ ಹಾಸುವ ಪರಸಿಕಲ್ಲು ಹೇರಿಕೊಂಡು ಹೋಗುವ ಲಾರಿಗಳು, ಸಿಮೆಂಟಿನ ಲಾರಿಗಳು ಎಲ್ಲ ಅವರ ಮುಂದೆಯೇ ಹಾದು ಹೋಗಬೇಕು. ಲಾರಿಯ ಪ್ರತಿ ಗಾಲಿಯ ಒಳಮಗ್ಗುಲಿನ ತಗಡಿನಲ್ಲಿ ಚೌಕ ತಲೆಯ ಒಂದು ತಿರುಪು ಇರುತ್ತದೆ. ಅದಕ್ಕೆ ಅಡ್ಜಸ್ಟರ್ ಅನ್ನುತ್ತಾರೆ. ಗಾಲಿಯ ಡ್ರಮ್ಮಿನ ಒಳಮೈಗೆ ಒತ್ತಿ ಗಾಡಿ ನಿಲ್ಲಿಸುವ ಪಟ್ಟಿ, ಅಂದರೆ ಬ್ರೇಕಿನ ಲೈನರು, ಸವೆದಂತೆಲ್ಲ ಅದಕ್ಕೂ ಡ್ರಮ್ಮಿಗೂ ನಡುವೆ ಸಂದು ದೊಡ್ಡದಾಗುತ್ತದೆ, ಪೆಡಲು ತುಳಿದರೆ ಕಾಲು ಕೆಳಗೆ ಹೋಗುತ್ತದೆ. ಆಗ ಆ ತಿರುಪನ್ನು ತಿರುವಿದರೆ ಸಂದು ಮತ್ತೆ ಕೂಡುತ್ತದೆ. ನಮ್ಮನೆಯವರು ಗಾಲಿಯನ್ನು ಕೈಯಿಂದ ತಿರುಗಿಸಿ, ಕಿವಿಯನ್ನು ಅದರ ಹತ್ತಿರ ಒಯ್ದು, ಒಳಗೆ ಎಷ್ಟು ಉಜ್ಜುತ್ತಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಸುತ್ತಿನ ಡ್ರೈವರುಗಳೆಲ್ಲ ಅವರನ್ನು ಕರೆಯುತ್ತಿದ್ದುದು 'ಅಡ್ಜಸ್ಟರ್ ಮಿಸ್ತ್ರಿ' ಎಂದೇ.

ನಮ್ಮಣ್ಣನದು ಬೇರೆ. ಸೇಡಂನ ನಮ್ಮ ತವರಿನಲ್ಲಿ ಬೆಳೆದವನು ಹೈದರಾಬಾದಿಗೆ ಹೋಗಿ ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿ, ಗುಲ್ಬರ್ಗಾದಲ್ಲಿ ಮನೆ ಮಾಡಿದ್ದ. ಬಾಗಿಲ ಮೇಲೆ 'ಸರ್ವೇಯರ್ ಮತ್ತು ಲಾಸ್ ಅಡ್ಜಸ್ಟರ್' ಎಂಬ ಫಲಕ. ಎಲ್ಲಿ ಲಾರಿ ಮಗುಚಿತು, ಎಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿತ್ತು ಎಂದು ವಿಮಾ ಕಂಪನಿಗೆ ಸುದ್ದಿ ಬಂದರೆ, ಕಂಪನಿ ಇವನನ್ನು ಕಳಿಸುತ್ತಿತ್ತು. ಇವನು ಹೋಗಿ ನೋಡಬೇಕು, ಏನು ಹಾಳಾಯಿತು, ಯಾತಕ್ಕೆ ಹಾಳಾಯಿತು, ಎಷ್ಟಕ್ಕೆ ಪರಿಹಾರ ಕೊಡುವುದು ನ್ಯಾಯ ಎಂದು ಬರೆದು ಕೊಡಬೇಕು. "ನಾ ಕಂಪನಿ ಮನಶ್ಯಾನೂ ಅಲ್ಲ, ಮಾಲೀಕನ ಮನಶ್ಯಾನೂ ಅಲ್ಲ," ಎಂದು ಅವನು ಮೊದಮೊದಲು ನಮಗೆ ಹೇಳುತ್ತಿದ್ದ. ಅವನು ಹೇಳಿದ್ದು ನನಗೆ ಅರ್ಥವಾಗುತ್ತಿತ್ತು. ಆದರೆ ಊರಿನ ಮಂದಿಗೆ ಅಡ್ಜಸ್ಟ್ ಎಂದರೆ ಮತ್ತೊಂದೇ ಅರ್ಥ. ಬಸ್ಸಿನ ಸೀಟಿನಲ್ಲಿ ಸರಿದು ಕೂಡುವುದೂ ಅದೇ, ಕಚೇರಿಯಲ್ಲಿ ಕಾಗದ ಮುಂದೆ ಸರಿಸುವುದೂ ಅದೇ. ಹಾಗಾಗಿ ನಮ್ಮತ್ತೆಯವರು ಎಲ್ಲ ಕೇಳಿ ಕಡೆಗೆ, "ಅಂದ್ರ ನಿಮ್ಮಣ್ಣ ರಾಜಿ ಮಾಡಸ್ತಾನ," ಎಂದು ತೀರ್ಮಾನಿಸಿ ರೊಟ್ಟಿ ತಿರುವಿ ಹಾಕಿದರು.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಇನ್ನೂ ಬಹಳ ದಿನ ಆಗಿರಲಿಲ್ಲ. ಅಷ್ಟರಲ್ಲಿ ನಮಗೊಬ್ಬಳು ಮಗಳು ಹುಟ್ಟಿದ್ದಳು, ನಾನು ವಾಡಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಶನಿವಾರ ಬೆಳಗಿನ ಶಾಲೆ. ಅದು ಮುಗಿಸಿ ಮನೆಗೆ ಬಂದು, ಬುತ್ತಿ ಕಟ್ಟಿಕೊಂಡು ಗ್ಯಾರೇಜಿಗೆ ಹೋಗುವುದು ನನ್ನ ರೂಢಿ. ಅಂಥ ಒಂದು ಶನಿವಾರ ನಾನು ಹೋದಾಗ ಪರಸಿಕಲ್ಲಿನ ಸಾವಕಾರರ ಲಾರಿ ನಿಂತಿತ್ತು. ನಮ್ಮ ಗ್ಯಾರೇಜಿನ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಸಾವಕಾರರದೇ. ಅವರೂ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಚಕ್ರದ ಪಕ್ಕದಲ್ಲಿ ಅವರ ಡ್ರೈವರ್ ನಿಂತಿದ್ದ. ತೆಲುಗು ಸೀಮೆಯ ಕಡೆಯವನು, ತೆಳ್ಳನೆಯ ಆಳು, ಮಾತು ಕಡಿಮೆ.

ನಮ್ಮನೆಯವರು ಲಾರಿಯ ಕೆಳಗಿಂದ ಹೊರಗೆ ಬಂದು ಕೈ ಒರೆಸಿಕೊಂಡರು.

"ಹಿಂದಿನ ಗಾಲಿ ಲೈನರ್ ಪೂರಾ ಹೋಗ್ಯಾವರಿ, ಸಾವಕಾರ್ರ. ಡ್ರಮ್ ಬಿಚ್ಚಿ ಹೊಸಾವು ಹಾಕಬೇಕು. ತಿರುವಲಿಕ್ಕೆ ತಿರುಪಿನಾಗ ಇನ್ನ ಒಂದೆರಡ ಎಳಿ ಅಷ್ಟ ಉಳದಾವ."

ಸಾವಕಾರರು ಕೈಗಡಿಯಾರ ನೋಡಿಕೊಂಡರು. ಮಾಲು ಚಿಂಚೋಳಿ ದಾಟಿ ಆಂಧ್ರದ ಕಡೆ ಹೋಗಬೇಕು, ಸೋಮವಾರ ಮುಂಜಾನೆ ಅಲ್ಲಿರಬೇಕು ಎಂದರು. ಬರುವ ಟ್ರಿಪ್ಪಿಗೆ ಬೇಕಾದರೆ ನಾಲ್ಕೂ ಗಾಲಿ ಬಿಚ್ಚು ಎಂದರು. ಕಡೆಗೆ ನಕ್ಕು, "ಈಗ ಅಡ್ಜಸ್ಟ್ ಮಾಡಿ ಬಿಡು, ಮಿಸ್ತ್ರಿ. ಇಷ್ಟ ವರ್ಷದ್ದು ನಮ್ದು ನಿಮ್ದು," ಎಂದರು.

ನಮ್ಮನೆಯವರು ಡ್ರೈವರನ ಮುಖ ನೋಡಿದರು. ಅವನು ನೆಲ ನೋಡಿದ. ನಾನು ಬುತ್ತಿಯ ಗಂಟು ಹಿಡಿದು ಕಂಬದ ಹತ್ತಿರ ನಿಂತಿದ್ದೆ. ನಮ್ಮನೆಯವರು ಇನ್ನೊಂದು ಮಾತು ಆಡುತ್ತಾರೆ ಎಂದುಕೊಂಡೆ. ಅವರು ತಿರುಪು ತಿರುವುವ ಪಾನಾ ತೆಗೆದುಕೊಂಡು ಮತ್ತೆ ಲಾರಿಯ ಕೆಳಗೆ ಹೋದರು.

ಆ ದಿನ ಊಟಕ್ಕೆ ಕೂತಾಗ ಅವರು ಬಡಿಸಿದ್ದನ್ನೆಲ್ಲ ತಿಂದು ಎದ್ದರು. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು, ಅವರು ಹೇಳಲಿಲ್ಲ.

ಸೋಮವಾರ ಸಂಜೆ ನಾನು ಶಾಲೆಯಿಂದ ಬರುವಾಗ ನಮ್ಮ ಬಾಗಿಲಲ್ಲಿ ಚಿಂಚೋಳಿ ಠಾಣೆಯ ಪೊಲೀಸ್ ಜಮಾದಾರ ನಿಂತಿದ್ದ. ಒಳಗೆ ಅತ್ತೆ ನನ್ನ ಮಗಳನ್ನು ಎತ್ತಿಕೊಂಡು ಗೋಡೆಗೆ ಒರಗಿದ್ದರು. ನಮ್ಮನೆಯವರು ಅಂಗಿ ಹಾಕಿಕೊಳ್ಳುತ್ತಿದ್ದರು, ಗುಂಡಿ ತಪ್ಪುತ್ತಿತ್ತು. ಲಾರಿ ಭಾನುವಾರ ರಾತ್ರಿ ಚಿಂಚೋಳಿಯ ಆಚೆ, ಕುಂಚಾವರಂ ಕಡೆಯ ಅಡವಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಉರುಳಿದೆ. ಡ್ರೈವರನ ಕಾಲ ಮೇಲೆ ಕಲ್ಲಿನ ಪರಸಿಗಳು ಬಿದ್ದಿವೆ, ಜೀವ ಇದೆ, ಕಾಲು ಉಳಿಯುವುದು ಗೊತ್ತಿಲ್ಲ. ಶನಿವಾರ ಬ್ರೇಕ್ ಮಾಡಿದ ಮಿಸ್ತ್ರಿ ಕೆಲಸ ಕೆಡಿಸಿದ್ದಾನೆ ಎಂದು ಸಾವಕಾರರು ಬರೆಸಿದ್ದಾರೆ. ವಿಚಾರಣೆಗೆ ಚಿಂಚೋಳಿಗೆ ಬರಬೇಕು. ಜಮಾದಾರ ಇದನ್ನೆಲ್ಲ ಒಂದೇ ದನಿಯಲ್ಲಿ ಹೇಳಿದ, ಒರಟಾಗಿಯೇನೂ ಅಲ್ಲ.

ನಾನು ನಡುವೆ ಬಾಯಿ ಹಾಕಿ, ಸಾವಕಾರರು ಲೈನರ್ ಬೇಡ ಅಂದಿದ್ದನ್ನು ನನ್ನ ಕಿವಿಯಿಂದಲೇ ಕೇಳಿದ್ದೇನೆ ಎಂದೆ. ಜಮಾದಾರ ನನ್ನನ್ನು ನೋಡಿ, "ನೀವು ಹೇಂತೇರು, ಅಕ್ಕೋರೆ. ನೀವು ಹಂಗ ಹೇಳಬೇಕಲ್ಲ ಮತ್ತ," ಎಂದ.

ಅವರಿಬ್ಬರೂ ರೈಲು ಸ್ಟೇಷನ್ನಿನ ಕಡೆಗೆ ನಡೆದು ಹೋಗುವುದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ಓಣಿಯ ಮಂದಿ ಕಿಟಕಿಯ ಹತ್ತಿರ ಬಂದು ಹಿಂದೆ ಸರಿದರು. ಅತ್ತೆ ಏನಾಯಿತು ಎಂದು ಕೇಳುತ್ತಲೇ ಇದ್ದರು. ನಾನು ಹೇಳಿದೆ. ಅವರು ನನ್ನ ಮಗಳನ್ನು ಕೆಳಗೆ ಇಳಿಸದೆ, "ನಿಮ್ಮಣ್ಣಗ ಹೇಳು," ಎಂದು ಅಷ್ಟೇ ಅಂದರು.

ಮರುದಿನ ಹೆಡ್ ಮಾಸ್ತರರಿಗೆ ರಜೆ ಹೇಳಿ ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಚಿತ್ತಾಪುರ ದಾಟಿತು, ಮಳಖೇಡ ದಾಟಿತು. ನಾನು ಹುಟ್ಟಿದ ಊರು ಸೇಡಂನಲ್ಲಿ ಇಳಿದರೂ ಮನೆಯ ಕಡೆ ಹೋಗಲಿಲ್ಲ. ನಮ್ಮವ್ವನ ಮುಂದೆ ಕೂತರೆ ಅತ್ತುಬಿಡುತ್ತೇನೆ, ಎದ್ದು ಬರಲಾಗುವುದಿಲ್ಲ ಎಂದು ಹೆದರಿಕೆ. ನೇರವಾಗಿ ಬಸ್ ಸ್ಟ್ಯಾಂಡಿಗೆ ಬಂದು ಚಿಂಚೋಳಿಯ ಬಸ್ ಹಿಡಿದೆ. ಅಣ್ಣನಿಗೆ ಹೇಗೆ ತಿಳಿಸುವುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಅಣ್ಣನ ಮನೆಯಲ್ಲಿ ಫೋನಿಲ್ಲ, ಪೋಸ್ಟಾಫೀಸಿನಿಂದ ತಂತಿ ಕೊಡಬೇಕು, ಏನಂತ ಕೊಡುವುದು.

ತಿಳಿಸುವ ಅಗತ್ಯವೇ ಬೀಳಲಿಲ್ಲ. ಚಿಂಚೋಳಿ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನ ಬೆಂಚಿನ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ಅವನ ಕ್ಯಾಮೆರಾದ ಚೀಲ. ವಿಮಾ ಕಂಪನಿಯೇ ಅವನನ್ನು ಕಳಿಸಿತ್ತು. ಆ ಭಾಗದ ಲಾರಿ ಬಿದ್ದರೆ ಅವನೇ ಬರಬೇಕಿತ್ತು. ಆದರೆ ಬ್ರೇಕು ಮಾಡಿದ್ದು ಯಾವ ಗ್ಯಾರೇಜು ಎಂದು ಅವನಿಗೆ ಗೊತ್ತಾದದ್ದು ಠಾಣೆಗೆ ಹೋಗಿ ತನ್ನ ಭಾವನನ್ನು ಅಲ್ಲಿನ ಬೆಂಚಿನ ಮೇಲೆ ಕಂಡಾಗ.

ನನ್ನನ್ನು ನೋಡಿದ ಕೂಡಲೇ ಅವನು ಎದ್ದು ನಿಂತ. "ನೀ ಯಾಕ ಬಂದಿ?" ಎಂದ. ಆಮೇಲೆ ಕೂಡಿಸಿದ, ಚಹಾ ತರಿಸಿದ. ತಾನು ವಾಪಸ್ಸು ಹೋಗುತ್ತೇನೆ ಎಂದ. ಇದನ್ನು ತಾನು ಮುಟ್ಟಬಾರದು, ಕಂಪನಿಗೆ ಫೋನು ಮಾಡಿ ಬೇರೆಯವರನ್ನು ಕಳಿಸಲು ಹೇಳುತ್ತೇನೆ ಎಂದ. ತಾನು ಮಿಸ್ತ್ರಿಯ ಪರವಾಗಿ ಬರೆದರೆ ತಂಗಿಯ ಗಂಡ ಅಂತ ಬರೆದ ಅಂತಾರೆ, ವಿರುದ್ಧ ಬರೆದರೆ ತಂಗಿಯ ಮನೆಯ ಬಾಗಿಲು ತುಳಿಯುವುದು ಹೇಗೆ.

ಬೇರೆಯವರು ಎಷ್ಟು ದಿನಕ್ಕೆ ಬರುತ್ತಾರೆ ಎಂದು ನಾನು ಕೇಳಿದೆ. ಹೇಳಲಾಗದು ಎಂದ. ಅಷ್ಟರವರೆಗೆ ಲಾರಿ ಎಲ್ಲಿರುತ್ತದೆ ಎಂದು ಕೇಳಿದೆ. ನಾನು ಬಸ್ಸಿನಿಂದ ಇಳಿಯುವಾಗಲೇ ಸಾವಕಾರರ ಇನ್ನೊಂದು ಲಾರಿ ಹಗ್ಗ, ಸರಪಳಿ ಹಾಕಿಕೊಂಡು ಕುಂಚಾವರಂ ರಸ್ತೆಗೆ ತಿರುಗಿದ್ದನ್ನು ನೋಡಿದ್ದೆ. ಅದನ್ನು ಅವನಿಗೆ ಹೇಳಿದೆ.

"ನೀ ಹೋದ್ಯಂದ್ರ ಅದನ್ನ ಎಳಕೊಂಡು ಹೋಗಿ ಬಿಚ್ತಾರ, ಅಣ್ಣಾ. ಆಮ್ಯಾಲೆ ನೋಡಲಿಕ್ಕೆ ಏನಿರ್ತದ?"

ಅವನು ಬಹಳ ಹೊತ್ತು ಚಹಾದ ಬಸಿಯನ್ನು ತಿರುಗಿಸುತ್ತಾ ಕೂತ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ಬಿಚ್ಚಿದಾಗ ತಪ್ಪು ನಿನ್ನ ಗಂಡಂದ ಅಂತ ಕಂಡ್ರ?"

"ಕಂಡಿದ್ದು ಬರಿ," ಎಂದೆ. ಬಸಿ ಕೆಳಗಿಟ್ಟೆ.

ಅವನು ಎದ್ದು ಪೋಸ್ಟಾಫೀಸಿಗೆ ಹೋದ, ಗುಲ್ಬರ್ಗಾದ ಆಫೀಸಿಗೆ ಟ್ರಂಕ್ ಕಾಲ್ ಹಚ್ಚಿಸಿದ. ಲೈನು ಸಿಗುವವರೆಗೂ ನಾವಿಬ್ಬರೂ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಮಿಸ್ತ್ರಿ ತನ್ನ ತಂಗಿಯ ಗಂಡ ಎಂದು ಅವನು ಮೊದಲೇ ಹೇಳಿದ. ಈಗ ಅಲ್ಲಿರುವವನು ನೀನೊಬ್ಬನೇ, ಪೊಲೀಸರ ಮುಂದೆ, ಪಂಚರ ಮುಂದೆ ಬಿಚ್ಚಿಸಿ ನೋಡು, ಫೋಟೋ ತೆಗಿ, ನಷ್ಟದ ಲೆಕ್ಕ ಬೇರೆಯವರು ಮಾಡುತ್ತಾರೆ ಎಂದು ಆ ಕಡೆಯವರು ಹೇಳಿದರಂತೆ. ಅವನು ಹೊರಗೆ ಬಂದು ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡ.

ಅಷ್ಟರಲ್ಲಿ ಸಾವಕಾರರೂ ಬಂದರು. ಅವರು ಸಿಟ್ಟಿನಲ್ಲಿರುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಸಿಟ್ಟಿನಲ್ಲಿರಲಿಲ್ಲ. ಸರ್ವೇಯರ್ ಆಗಿ ಬಂದವರು ಮಿಸ್ತ್ರಿಯ ಹೆಂಡತಿಯ ಅಣ್ಣ ಎಂದು ಠಾಣೆಯಲ್ಲಿ ಯಾರೋ ಹೇಳಿದ್ದರು. ಅದನ್ನು ಕೇಳಿ ಅವರಿಗೆ ಸಮಾಧಾನವೇ ಆಗಿತ್ತು.

"ಮನಿಯವರ ಆದ್ರಿ, ಛಲೋ ಆತು," ಎಂದರು. ಅಣ್ಣನನ್ನೂ ನನ್ನನ್ನೂ ಠಾಣೆಯ ಹೊರಗಿನ ನೆರಳಿಗೆ ಕರೆದರು. ನಮ್ಮನೆಯವರನ್ನೂ ಜಮಾದಾರನಿಗೆ ಹೇಳಿ ಅಲ್ಲಿಗೇ ಕರೆಸಿದರು. ಒಂದು ರಾತ್ರಿಯಲ್ಲಿ ನಮ್ಮನೆಯವರ ಮುಖ ಬಾಡಿ ಹೋಗಿತ್ತು. ನನ್ನನ್ನು ಕಂಡು ಮಗಳು ಹೇಗಿದ್ದಾಳೆ ಎಂದು ಕೇಳಿದರು.

ಸಾವಕಾರರು ಮೆಲ್ಲಗೆ ಬಿಡಿಸಿ ಹೇಳಿದರು. ಲೈನರು ಸವೆದದ್ದು ತನಗೆ ಗೊತ್ತಿತ್ತು ಎಂದಾದರೆ ಕಂಪನಿ ಲಾರಿಗೆ ಪರಿಹಾರ ಕೊಡುವುದಿಲ್ಲ. ಅದೇ, ತಾನು ಬ್ರೇಕು ಪೂರಾ ಮಾಡಲು ಹೇಳಿದ್ದೆ, ಮಿಸ್ತ್ರಿ ಒಂದು ಗಾಲಿ ಮರೆತ ಎಂದಾದರೆ ಮಾಲೀಕನದೇನೂ ತಪ್ಪಿಲ್ಲ, ಪರಿಹಾರ ಬರುತ್ತದೆ. ಮರೆವು ಮನುಷ್ಯನಿಗೆ ಸಹಜ, ಅದಕ್ಕೆ ಯಾರೂ ಗಲ್ಲಿಗೆ ಹಾಕುವುದಿಲ್ಲ. ವಕೀಲರು, ಕೋರ್ಟು, ದಂಡ ಎಲ್ಲ ತಾನು ನೋಡಿಕೊಳ್ಳುತ್ತೇನೆ. ಗ್ಯಾರೇಜಿನ ಕೆಲಸ ಮೊದಲಿನಂತೆಯೇ ನಡೆಯುತ್ತದೆ. ನಮ್ಮನೆಯವರು ಒಂದು ಮಾತು ಒಪ್ಪಬೇಕು, ಅಣ್ಣ ಅದಕ್ಕೆ ಹೊಂದುವಂತೆ ಬರೆಯಬೇಕು, ಅಷ್ಟೇ.

"ಎಲ್ಲಾರೂ ಸ್ವಲ್ಪ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರ ಯಾರಿಗೂ ತಕ್ಲೀಫಿಲ್ಲ," ಎಂದರು.

ಅವರು ಕೆಟ್ಟವರ ಹಾಗೆ ಮಾತಾಡಲಿಲ್ಲ. ನಮ್ಮ ಮಗಳು ಹುಟ್ಟಿದಾಗ ಬೆಳ್ಳಿ ಉಡದಾರ ಕಳಿಸಿದವರು ಅವರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ನಮ್ಮನೆಯವರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಣ್ಣ ಮಾತ್ರ, "ಮೊದಲ ಗಾಡಿ ನೋಡೂಣ್ರಿ," ಎಂದು ಜೀಪಿನ ಕಡೆಗೆ ನಡೆದ.

ಪೊಲೀಸರ ಜೀಪಿನ ಹಿಂದೆ ಸಾವಕಾರರ ಕಾರು. ನನಗೆ ಕಾರಿನಲ್ಲಿ ಜಾಗ ಕೊಟ್ಟರು. ಅಡವಿಯ ದಾರಿ ಏರಿ, ಆಮೇಲೆ ಇಳಿಯುತ್ತದೆ. ಇಳಿಜಾರು ಶುರುವಾದ ಮೇಲೆ ಕಾರಿನ ಡ್ರೈವರು ಬ್ರೇಕು ಒತ್ತಿದಾಗಲೆಲ್ಲ ನನ್ನ ಕಾಲು ತಾನಾಗಿ ಗಟ್ಟಿಯಾಗುತ್ತಿತ್ತು. ಲಾರಿ ತಿರುವಿನ ಕೆಳಗೆ ಒಂದು ಮಗ್ಗುಲಾಗಿ ಮಲಗಿತ್ತು. ಪರಸಿಕಲ್ಲುಗಳು ಇಳಿಜಾರಿನ ತುಂಬ ಒಡೆದು ಹರಡಿದ್ದವು. ಸರಪಳಿ ತಂದವರು ಆಗಲೇ ಕಟ್ಟಿ ಎಳೆಯಲು ಅಣಿಯಾಗಿದ್ದರು. ಅಣ್ಣ ಕೈ ಎತ್ತಿ ನಿಲ್ಲಿಸಿದ. ನಾವು ಸ್ವಲ್ಪ ತಡವಾಗಿ ಹೋಗಿದ್ದರೆ ಅಲ್ಲಿ ಒಡೆದ ಕಲ್ಲು ಬಿಟ್ಟು ಮತ್ತೇನೂ ಇರುತ್ತಿರಲಿಲ್ಲ.

ಚಿಂಚೋಳಿಯಿಂದ ಕರೆತಂದ ಮಿಸ್ತ್ರಿಯೊಬ್ಬ ಹಿಂದಿನ ಗಾಲಿ ಬಿಚ್ಚತೊಡಗಿದ. ನಮ್ಮನೆಯವರನ್ನು ದೂರ ನಿಲ್ಲಿಸಿದ್ದರು, ಮುಟ್ಟಬಾರದು ಎಂದು. ಅವರು ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಡ್ರಮ್ಮು ಬಿಸಿಗೆ ಕಚ್ಚಿಕೊಂಡಿತ್ತು, ಸುತ್ತಿಗೆಯಿಂದ ಹೊಡೆದರೂ ಬರಲಿಲ್ಲ. ಪ್ರತಿ ಹೊಡೆತದ ಸದ್ದೂ ಗುಡ್ಡಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಸಾವಕಾರರು ಕಾರಿಗೆ ಒರಗಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ನಾನು ಮನಸ್ಸಿನಲ್ಲಿ, ಏನಾದರೂ ಬೇರೆ ಕಾರಣ ಸಿಗಲಿ, ಪೈಪು ಒಡೆದಿರಲಿ, ಆಯಿಲು ಸೋರಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಕಂಡಿದ್ದು ಬರಿ ಎಂದು ಹೇಳಿದವಳು ನಾನೇ. ಆದರೂ ಬೇಡಿಕೊಂಡೆ.

ಡ್ರಮ್ಮು ಕಡೆಗೆ ಬಂತು. ಲೈನರಿನ ಜಾಗದಲ್ಲಿ ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು. ಡ್ರಮ್ಮಿನ ಒಳಮೈಯಲ್ಲಿ ಅವು ಗೀರಿದ ಗೆರೆಗಳು. ಅಣ್ಣ ಮೊಣಕಾಲೂರಿ ಕೂತು ಅಡ್ಜಸ್ಟರಿನ ತಿರುಪು ನೋಡಿದ. ಅದು ತನ್ನ ಕೊನೆಯ ಎಳೆಯವರೆಗೂ ತಿರುಗಿ ನಿಂತಿತ್ತು. ಅವನು ಫೋಟೋ ತೆಗೆದ. ಇನ್ನೊಂದು ಗಾಲಿ ಬಿಚ್ಚಿಸಿದ. ಅದೂ ಹಾಗೆಯೇ. ಒಂದು ಗಾಲಿ ಮರೆತದ್ದಲ್ಲ ಎಂಬುದು ಅಲ್ಲಿಗೇ ಗೊತ್ತಾಯಿತು. ಎರಡೂ ತಿರುಪುಗಳನ್ನು ಯಾರೋ ಎಚ್ಚರದಿಂದಲೇ ಕೊನೆಯವರೆಗೆ ತಿರುವಿದ್ದರು. ಲೈನರೇ ಉಳಿಯದ ಬ್ರೇಕಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಅಣ್ಣ ಎದ್ದು ಕೈ ಒರೆಸಿಕೊಂಡು ನಮ್ಮನೆಯವರ ಎದುರಿಗೆ ಬಂದು ನಿಂತ. ಅವನ ದನಿ ನನಗೆ ಗುರುತು ಸಿಗದಷ್ಟು ಬೇರೆಯಾಗಿತ್ತು.

"ಮಿಸ್ತ್ರಿ, ಇದು ನೀವು ಮಾಡಿದ್ದೇನು?"

ಭಾವ ಅನ್ನಲಿಲ್ಲ, ಮಿಸ್ತ್ರಿ ಎಂದ. ಸಾವಕಾರರು ಕಾರಿನಿಂದ ಈಚೆ ಬಂದರು. ನಮ್ಮನೆಯವರು ಅವರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಕಣ್ಣು ಕೆಳಗೆ ಹಾಕಲಿಲ್ಲ.

"ಹೌದರಿ, ನಾನ ತಿರುವಿದ್ದು," ಎಂದರು. "ಲೈನರ್ ಮುಗದಾವಂತ ನನಗ ಗೊತ್ತಿತ್ತು. ಸಾವಕಾರ್ರಿಗೆ ಹೇಳೀನಿ. ಬರೂ ಟ್ರಿಪ್ಪಿಗೆ ನೋಡೂಣು, ಈಗ ಅಡ್ಜಸ್ಟ್ ಮಾಡು ಅಂದ್ರು. ನಾ ಆಗ ಗಾಡಿ ಬಿಡಬಾರದಿತ್ತು. ಬಿಟ್ಟೆ."

ಸಾವಕಾರರು ತಾನು ಹಾಗೆ ಹೇಳೇ ಇಲ್ಲ ಎಂದರು. ಅವರ ಮಾತು ಜೋರಾಯಿತು. ತನ್ನ ಅನ್ನ ತಿಂದವನು ಎಂದರು, ಸಂಬಂಧಿಕರು ಸೇರಿ ಮಾಡಿದ ಆಟ ಎಂದರು. ಅಣ್ಣ ಜಮಾದಾರನಿಗೆ, ಇವರಿಬ್ಬರೂ ಹೇಳಿದ್ದನ್ನು ಬರೆದುಕೊಳ್ಳಿ ಎಂದ. ನಮ್ಮನೆಯವರು ಅಲ್ಲೇ ಒಂದು ಒಡೆದ ಪರಸಿಯ ಮೇಲೆ ಕೂತುಬಿಟ್ಟರು. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ. ಆಗ ನನಗೆ ಅವರ ಮೇಲೆ ಅಭಿಮಾನವೂ ಇತ್ತು, ಸಿಟ್ಟೂ ಇತ್ತು. ಇದೇ ಮಾತನ್ನು ಶನಿವಾರ ಅಷ್ಟು ಗಟ್ಟಿಯಾಗಿ ಹೇಳಿದ್ದರೆ ಆ ಡ್ರೈವರನ ಕಾಲು ನೆಟ್ಟಗಿರುತ್ತಿತ್ತಲ್ಲ ಎಂದು.

ಉಳಿದಿದ್ದು ಡ್ರೈವರನ ಮಾತು. ಸಾವಕಾರರು ಲೈನರು ಬೇಡ ಅಂದದ್ದನ್ನು ಕೇಳಿದವರು ನಾವು ಮೂವರೇ. ಹೆಂಡತಿಯ ಮಾತು ನಡೆಯುವುದಿಲ್ಲ, ಮಿಸ್ತ್ರಿಯ ಮಾತು ಅವನದೇ ರಕ್ಷಣೆಗೆ. ಡ್ರೈವರು ಚಿಂಚೋಳಿಯ ಸರಕಾರಿ ದವಾಖಾನೆಯಲ್ಲಿದ್ದ. ಗುಲ್ಬರ್ಗಾಕ್ಕೆ ಸಾಗಿಸಲು ಗಾಡಿ ಬರಬೇಕಿತ್ತು. ನಾನೂ ಅಣ್ಣನೂ ಹೋದಾಗ ಅವನ ಹೆಂಡತಿ ಮಂಚದ ಕೆಳಗೆ ನೆಲದ ಮೇಲೆ ಕೂತಿದ್ದಳು. ಸಾವಕಾರರ ಗುಮಾಸ್ತ ಹಣ್ಣು ತಂದಿಟ್ಟು ಹೋಗಿದ್ದ. ಯಾರೂ ಅದನ್ನು ಮುಟ್ಟಿರಲಿಲ್ಲ.

ಶನಿವಾರ ಗ್ಯಾರೇಜಿನಲ್ಲಿ ಏನು ಮಾತಾಯಿತು ಎಂದು ಅಣ್ಣ ಕೇಳಿದ. ಡ್ರೈವರು ಗೋಡೆಯ ಕಡೆಗೆ ಮುಖ ತಿರುಗಿಸಿದ. ತನಗೇನೂ ನೆನಪಿಲ್ಲ ಎಂದ. ಅವನ ಹೆಂಡತಿ ನನ್ನ ಕಡೆ ನೋಡಿ ತೆಲುಗಿನಲ್ಲಿ ಏನೋ ಹೇಳಿದಳು. ನನಗೆ ಪೂರ್ತಿ ತಿಳಿಯಲಿಲ್ಲ. ದವಾಖಾನೆಯ ಖರ್ಚು ಸಾವಕಾರರು ನೋಡಿಕೊಳ್ಳುತ್ತಿದ್ದಾರೆ, ನಮ್ಮನ್ನು ಬಿಟ್ಟುಬಿಡಿ ಎಂಬಷ್ಟು ತಿಳಿಯಿತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅಣ್ಣ ಮತ್ತೆ ಕೇಳಲಿಲ್ಲ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ಎರಡು ಮಾತು ಹೇಳಿದ. ಒಂದು, ಕೆಲಸದ ಮೇಲೆ ಏಟು ತಿಂದ ಡ್ರೈವರನಿಗೆ ಪರಿಹಾರ ಸಿಗುವುದು ಕಾನೂನಿನಿಂದ, ಸಾವಕಾರರ ಲಾರಿಯ ಪರಿಹಾರ ಬರಲಿ ಬಿಡಲಿ, ಅದಕ್ಕೂ ಇದಕ್ಕೂ ನಂಟಿಲ್ಲ. ಇನ್ನೊಂದು, ಮಿಸ್ತ್ರಿ ತನ್ನ ತಪ್ಪು ತಾನೇ ಹೇಳಿದ್ದಾನೆ.

ಡ್ರೈವರು ಮುಖ ಈಚೆ ತಿರುಗಿಸಿದ. "ಮಿಸ್ತ್ರಿ ತಾನ ಹೇಳಿದ್ನಾ?" ಎಂದು ನನ್ನನ್ನು ಕೇಳಿದ.

"ಎಲ್ಲಾರ ಮುಂದ ಹೇಳ್ಯಾರ," ಎಂದೆ.

ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೇನೋ ಎಂದು ನಾವು ಹೊರಡಲು ತಿರುಗಿದಾಗ ಮಾತಾಡಿದ. ಅಂದಿನ ಎಲ್ಲ ಮಾತನ್ನೂ ಅವನು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದ. ಸಾವಕಾರರು ನಕ್ಕದ್ದನ್ನೂ ಹೇಳಿದ. ಬ್ರೇಕು ತುಳಿದಾಗ ಸೇಡಂವರೆಗೆ ಹಿಡಿಯುತ್ತಿತ್ತು, ಇಳಿಜಾರಿನಲ್ಲಿ ಡ್ರಮ್ಮು ಕಾದಂತೆ ಪೆಡಲು ಹಗುರಾಗುತ್ತಾ ಹೋಯಿತು, ಕಡೆಗೆ ಕಾಲ ಕೆಳಗೆ ಏನೂ ಇಲ್ಲದ ಹಾಗಾಯಿತು ಎಂದ. ಅದನ್ನು ಹೇಳುವಾಗ ಹೊದಿಕೆಯ ಕೆಳಗೆ ಅವನ ಒಳ್ಳೆಯ ಕಾಲು ಒಂದು ಸಲ ಅಲುಗಾಡಿದ್ದನ್ನು ನಾನು ಕಂಡೆ. ಅಣ್ಣ ಬರೆದುಕೊಂಡು, ಓದಿ ಹೇಳಿ, ಅವನ ಹೆಬ್ಬೆರಳು ಒತ್ತಿಸಿಕೊಂಡ.

ಆಮೇಲಿನದು ವರ್ಷಗಟ್ಟಲೆ ನಡೆದದ್ದು. ಸಾವಕಾರರ ಲಾರಿಗೆ ಕಂಪನಿ ಪರಿಹಾರ ಕೊಡಲಿಲ್ಲ. ಡ್ರೈವರನಿಗೆ ತಡವಾಗಿಯಾದರೂ ಪರಿಹಾರ ಸಿಕ್ಕಿತು. ಕಾಲು ಉಳಿಯಿತು, ಮಡಚಲು ಬರುತ್ತಿರಲಿಲ್ಲ. ಕೋರ್ಟಿನಲ್ಲಿ ಸಾವಕಾರರಿಗೂ ದಂಡವಾಯಿತು, ನಮ್ಮನೆಯವರಿಗೂ ಆಯಿತು. ಪರಸಿಕಲ್ಲಿನ ಲಾರಿಗಳು ನಮ್ಮ ಗ್ಯಾರೇಜಿನ ಮುಂದೆ ನಿಲ್ಲುವುದನ್ನು ಬಿಟ್ಟವು. ನನ್ನ ಸಂಬಳದ ಮೇಲೆ ಮನೆ ನಡೆಯಿತು. ನಮ್ಮನೆಯವರು ಬಾಗಿಲು ತೆರೆದು ಕೂತು ಸಂಜೆ ಮುಚ್ಚಿ ಬರುತ್ತಿದ್ದರು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೊಂದು. ಅಣ್ಣ ತನ್ನ ವರದಿಯಲ್ಲಿ, ಲೈನರ್ ಸವೆದದ್ದು ತಿಳಿದೂ ಮಿಸ್ತ್ರಿ ಗಾಡಿಯನ್ನು ರಸ್ತೆಗೆ ಬಿಟ್ಟಿದ್ದಾನೆ ಎಂದು ಬರೆದಿದ್ದ. ಕೋರ್ಟಿನಲ್ಲಿ ಅದನ್ನು ಓದಿದರು. ನಮ್ಮನೆಯವರು ತಾವೇ ಹೇಳಿದ ಮಾತು ಅದು. ಆದರೂ ಹೆಂಡತಿಯ ಅಣ್ಣನ ಕೈಯಿಂದ ಬಂದದ್ದನ್ನು ಕೇಳಿದಾಗ ಅವರಿಗೆ ತಡೆಯಲಾಗಲಿಲ್ಲ. ಅಣ್ಣ ಮನೆಗೆ ಬಂದರೆ ಅವರು ಗ್ಯಾರೇಜಿಗೆ ಹೋಗುತ್ತಿದ್ದರು. ಅಣ್ಣನೂ ಬರುವುದನ್ನು ಕಡಿಮೆ ಮಾಡಿದ. ನಮ್ಮತ್ತೆ ಒಮ್ಮೆ ನನ್ನನ್ನು ಹತ್ತಿರ ಕರೆದು, "ನಿಮ್ಮಣ್ಣ ರಾಜಿ ಮಾಡಸ್ತಾನಂತ ತಿಳಕೊಂಡಿದ್ದೆವಾ ನಾ," ಎಂದರು. ಆಡಿಕೊಂಡದ್ದಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ನಾನು ಅಣ್ಣನ ಪರವಾಗಿ ಮಾತಾಡಿದರೆ ಗಂಡನ ಮುಖ ಸಣ್ಣದಾಗುತ್ತಿತ್ತು, ಗಂಡನ ಪರವಾಗಿ ಕಾಗದ ಬರೆದರೆ ಅಣ್ಣನಿಂದ ಉತ್ತರ ಬರುತ್ತಿರಲಿಲ್ಲ. ಎಷ್ಟೋ ಸಲ ಆ ಚಹಾ ಹೋಟೆಲಿನ ಬೆಂಚಿನ ಮೇಲೆ ಅವನನ್ನು ಹೋಗಗೊಡಬೇಕಿತ್ತೇನೋ ಎಂದು ಯೋಚಿಸಿದ್ದೇನೆ. ಪ್ರತಿ ಸಲವೂ ಇಲ್ಲ ಅಂತಲೇ ಅನ್ನಿಸಿದೆ. ಆದರೂ ಯೋಚಿಸುವುದು ನಿಂತಿಲ್ಲ.

ಡ್ರೈವರು ಒಂದು ದಿನ ಬಸ್ಸಿಳಿದು ಕೋಲೂರಿಕೊಂಡು ಗ್ಯಾರೇಜಿಗೆ ಬಂದ. ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ನಮ್ಮನೆಯವರು ಅವನನ್ನು ಕಂಡು ಎದ್ದು ನಿಂತರು, ಸ್ಟೂಲನ್ನು ಒರೆಸಿ ಮುಂದಿಟ್ಟರು. ಅವನು ಕೂತು, ಇನ್ನು ಗಾಡಿ ಹೊಡೆಯಲು ಆಗುವುದಿಲ್ಲ, ಕೂತು ಮಾಡುವ ಕೆಲಸ ಏನಾದರೂ ಇದೆಯೇ ಎಂದು ಕೇಳಿದ. ನಮ್ಮಲ್ಲೇ ಕೆಲಸವಿರಲಿಲ್ಲ. ನಮ್ಮನೆಯವರು ಇದೆ ಎಂದರು. ಅಂದಿನಿಂದ ಅವನು ಲೈನರಿಗೆ ರಿವೆಟ್ ಬಡಿಯುವ ಕೆಲಸ ಕಲಿತ. ಅವನು ಕೂತಿರುವುದನ್ನು ಕಂಡು ಬೇರೆ ಡ್ರೈವರುಗಳು ಮಾತಾಡಿಸಲು ನಿಲ್ಲತೊಡಗಿದರು, ನಿಂತವರು ಬ್ರೇಕು ತೋರಿಸಿದರು. ಲೈನರು ಮುಗಿದಿದ್ದರೆ ಗಾಡಿ ಬಿಡುವುದಿಲ್ಲ ಎಂದು ನಮ್ಮನೆಯವರು ಮೊದಲೇ ಹೇಳಿಬಿಡುತ್ತಿದ್ದರು. ಕೆಲವರು ಬೈದು ಹೋದರು, ಕೆಲವರು ಉಳಿದರು. ಮಾಲೀಕರಿಗಿಂತ ಡ್ರೈವರುಗಳೇ ಹೆಚ್ಚು ಉಳಿದರು.

ಅಣ್ಣ ಬಂದದ್ದು ನನ್ನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ. ಶಹಾಬಾದಿನಲ್ಲಿ ಯಾವುದೋ ಕೆಲಸ ಮುಗಿಸಿ, ಮುಂಚೆ ಹೇಳದೆ, ಮಧ್ಯಾಹ್ನ ನೇರ ಗ್ಯಾರೇಜಿಗೇ ಬಂದ. ನಾನು ಅಲ್ಲೇ ಇದ್ದೆ. ನಮ್ಮನೆಯವರು ಡ್ರಮ್ಮಿನ ಒಳಗೆ ಕೈ ಇಟ್ಟುಕೊಂಡಿದ್ದರು, ತೆಗೆಯಲಿಲ್ಲ. ಅಣ್ಣ ಡ್ರೈವರನನ್ನು ಮಾತಾಡಿಸಿದ, ಕಾಲು ಹೇಗಿದೆ ಎಂದು ಕೇಳಿದ. ಆಮೇಲೆ ನಮ್ಮನೆಯವರ ಹತ್ತಿರ ಬಂದು ನಿಂತು, ಸಣ್ಣ ದನಿಯಲ್ಲಿ ಹೇಳಿದ:

"ಆ ಮಾತು ಬರೀಬೇಕಾದ್ರ ನನಗ ಭಾಳ ತ್ರಾಸಾಗಿತ್ತು, ಭಾವ. ಖರೇ ಇತ್ತಂತ ಬರದೆ."

ಡ್ರೈವರು ರಿವೆಟ್ ಬಡಿಯುವುದನ್ನು ನಿಲ್ಲಿಸಿದ್ದ.

"ಖರೇ ಇತ್ತಂತನ ನನಗ ಸಿಟ್ಟು ಬಂದಿದ್ದು," ಎಂದರು ನಮ್ಮನೆಯವರು. ಕೈ ಹೊರಗೆ ತೆಗೆದು ಬಟ್ಟೆಗೆ ಒರೆಸಿಕೊಂಡರು. "ಕುಂದ್ರಿ. ಊಟದ ಹೊತ್ತಾತು."

ಬುತ್ತಿಯಲ್ಲಿ ಇಬ್ಬರಿಗಾಗುವಷ್ಟೇ ರೊಟ್ಟಿ ಇದ್ದವು. ನಾನು ಮನೆಗೆ ಹೋಗಿ ಇನ್ನಷ್ಟು ಬಡಿದು ತರುತ್ತೇನೆ ಎಂದು ಎದ್ದೆ. ರಸ್ತೆ ದಾಟುವಾಗ ಹಿಂದಿನಿಂದ ಮೂವರ ಮಾತೂ ಕೇಳುತ್ತಿತ್ತು. ಯಾವುದೋ ಹೊಸ ಮಾದರಿಯ ಲಾರಿ ಬಂದಿದೆಯಂತೆ, ಅದರ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಅಣ್ಣ ಕೇಳುತ್ತಿದ್ದ. ಒಂದು ಸಲ ಬಿಚ್ಚಿ ನೋಡದೆ ತಾನು ಹೇಳುವುದಿಲ್ಲ ಎಂದು ನಮ್ಮನೆಯವರು ಹೇಳುತ್ತಿದ್ದರು.